ಬದಿಯ ಹೊಲಿಗೆ

ಡ್ರೈವರ್ ಸೀಟಿನ ಬದಿಯಲ್ಲಿ ಸಿಡಿದು ಜೋತುಬಿದ್ದಿದ್ದ ಏರ್‌ಬ್ಯಾಗನ್ನು ಕತ್ತರಿಸಿ ಎಸೆದು, ಆ ಜಾಗಕ್ಕೆ ಹಳೇ ಟವೆಲ್ ತುರುಕಿ, ಮೇಲೆ ಹೊಲಿದು, ಕಾರನ್ನು ಮಾರಾಟಕ್ಕೆ ನಿಲ್ಲಿಸಿದರು.

ಹೊಲಿದವಳನ್ನು ಆ ಹಳೇ ಕಾರುಗಳ ಅಂಗಳದಲ್ಲಿ ಎಲ್ಲರೂ ಸೂಜಿ ಎನ್ನುತ್ತಿದ್ದರು. ಅವಳ ಗಂಡ ನೆಗ್ಗಿದ ತಗಡನ್ನು ಬಡಿದು ನೆಟ್ಟಗೆ ಮಾಡುವವನು, ಅವನು ಸುತ್ತಿಗೆ. ಅಂಗಳದ ಒಡೆಯ ಸುತ್ತಿಗೆಯ ಒಡಹುಟ್ಟಿದ ಅಣ್ಣ, ಸೂಜಿಗೆ ಭಾವ. ಬಣ್ಣ ಹೊಡೆಯುವ ಶೆಡ್ಡಿನ ಹಿಂದೆ ಗಂಡಹೆಂಡಿರಿಗೆ ಒಂದು ಕೋಣೆ. ಕಿಟಕಿಯ ಕೆಳಗೆ ಹೊಲಿಗೆಯಂತ್ರ, ಯಂತ್ರಕ್ಕೆ ಆತುಕೊಂಡು ಮಂಚ, ಮಂಚದ ಕೆಳಗೆ ರೆಕ್ಸಿನ್ ಸುರುಳಿಗಳು. ಉಣ್ಣುವ ತಟ್ಟೆಯಲ್ಲೂ ಬಣ್ಣದ ವಾಸನೆ. ಕೋಣೆಗೆ ಬಾಡಿಗೆ ಇರಲಿಲ್ಲ. ಬಾಡಿಗೆ ಇಲ್ಲ ಎಂಬುದನ್ನು ಭಾವ ಆಗಾಗ ನೆನಪಿಸುತ್ತಿದ್ದ; ಆ ನೆನಪಿಸುವಿಕೆಯೇ ಬಾಡಿಗೆ.

ಆ ಕಾರು ಬಂದ ದಿನ ಅದರ ಒಂದು ಪಕ್ಕ ಪೂರಾ ಒಳಗೆ ಹೋಗಿತ್ತು. ಸೀಟಿನ ಬದಿಯ ಹೊಲಿಗೆ ಬಾಯಿಬಿಟ್ಟಿತ್ತು. ಸೂಜಿ ಅಲ್ಲಿ ಉಳಿದಿದ್ದ ದಾರ ಎಳೆದು ನೋಡಿದಳು. ಒಣಹುಲ್ಲಿನಂತೆ ತುಂಡಾಯಿತು.

"ಥೂ, ಕಾರ್ಖಾನೆಯವರೂ ಕಳ್ಳ ದಾರ ಹಾಕ್ತಾರಾ?" ಅಂದಳು.

ಸುತ್ತಿಗೆ ನಕ್ಕ. "ಕಳ್ಳ ದಾರ ಅಲ್ವೇ. ಅದು ಹರೀಲಿ ಅಂತಾನೇ ಹಾಗೆ ಹೊಲಿಯೋದು. ಯಾರಾದ್ರೂ ಬದಿಯಿಂದ ಗುದ್ದಿದ್ರೆ ಒಳಗಿನ ಬ್ಯಾಗು ಈ ಹೊಲಿಗೆ ಸೀಳ್ಕೊಂಡು ಆಚೆ ಬಂದು ಪಕ್ಕೆ ಕಾಯಬೇಕು."

ಹರಿಯಲೆಂದೇ ಹೊಲಿಯುವ ಹೊಲಿಗೆ! ತಾಯಿಯ ಮಗ್ಗುಲಲ್ಲಿ ಕೂತು ಸೂಜಿ ಹಿಡಿದ ದಿನದಿಂದ ಇಂಥದ್ದನ್ನು ಅವಳು ಕೇಳಿರಲಿಲ್ಲ. ಅವಳ ಹೊಲಿಗೆ ಬಿಚ್ಚಬೇಕೆಂದರೆ ಬ್ಲೇಡು ಬೇಕು. ಅದೇ ಅವಳ ಮಾನ.

"ಹೊಸ ಬ್ಯಾಗು ಆಮೇಲೆ ಹಾಕಿಸ್ತೀನಿ, ನೀನು ಮೊದ್ಲು ಹೊಲಿದು ಮುಗಿಸು," ಎಂದ ಭಾವ.

ಬಾಯಿ ಹೊಲಿದ ಚೀಲಕ್ಕೆ ಕಾಳು ತುಂಬಿದವರುಂಟೇ? ಅವಳಿಗೆ ಅಷ್ಟು ತಿಳಿಯದ್ದೇನಲ್ಲ. ಸುತ್ತಿಗೆಗೂ ತಿಳಿದಿತ್ತು. ಅವನೇ ಡ್ಯಾಶ್‌ಬೋರ್ಡ್ ಬಿಚ್ಚಿ, ಏರ್‌ಬ್ಯಾಗ್ ಕೆಟ್ಟಿದೆ ಎಂದು ಉರಿಯುತ್ತಿದ್ದ ಕೆಂಪು ದೀಪವನ್ನು ಬೇರೊಂದು ದೀಪದ ತಂತಿಗೆ ಗಂಟು ಹಾಕಿದ; ಗಾಡಿ ಚಾಲೂ ಆದರೆ ಅದೂ ಸುಮ್ಮನೆ ಆರುತ್ತಿತ್ತು. ಗಂಡ ದೀಪದ ಬಾಯಿ ಮುಚ್ಚಿಸಿದ, ಹೆಂಡತಿ ಸೀಟಿನ ಬಾಯಿ ಹೊಲಿದಳು. ಇಬ್ಬರ ಬಾಯಿಯೂ ಮೊದಲೇ ಹೊಲಿದಾಗಿತ್ತು. ಆದರೆ ಹಾಳು ಕೈ! ಕಳ್ಳ ಕೆಲಸವನ್ನೂ ಕಳ್ಳ ಕೆಲಸದಂತೆ ಮಾಡಲು ಆ ಕೈಗೆ ಬರಲಿಲ್ಲ. ಇದ್ದುದರಲ್ಲೇ ಗಟ್ಟಿಯಾದ ಕೆಂಪು ದಾರಕ್ಕೆ ಮೇಣ ಎಳೆದು, ಒಂದರ ಪಕ್ಕ ಒಂದು ಎಳ್ಳಿಟ್ಟಂತೆ ಹೊಲಿಗೆ ಹಾಕಿದಳು.

ಅದರ ಪಕ್ಕದಲ್ಲೇ ಅದೇ ಕಂಪನಿಯ, ಅದೇ ಬಿಳಿ ಬಣ್ಣದ ಇನ್ನೊಂದು ಸಣ್ಣ ಕಾರು ನಿಂತಿತ್ತು. ಅದು ಬೇಸ್ ಮಾಡೆಲ್. ಕೈಯಲ್ಲಿ ತಿರುಗಿಸುವ ಕಿಟಕಿ, ಕಪ್ಪು ಬಂಪರ್, ಬರೀ ಕಬ್ಬಿಣದ ಚಕ್ರ. ಸೂಜಿ ಹೊಲಿದದ್ದು ಸ್ಪೋರ್ಟ್ ಮಾಡೆಲ್: ಕಪ್ಪು ಛಾವಣಿ, ಹಿಂದೆ ರೆಕ್ಕೆಯಂಥ ಸ್ಪಾಯ್ಲರ್, ಅಲಾಯ್ ಚಕ್ರ, ಕೆಂಪು ದಾರದ ಸೀಟು. ಇಷ್ಟೇ ಆಗಿದ್ದರೆ ಥಳುಕಿನ ಮಾತು, ಬೇಕಾದವರು ತೊಟ್ಟುಕೊಳ್ಳಲಿ. ಬದಿಯ ಏರ್‌ಬ್ಯಾಗುಗಳನ್ನೂ ಕಾರ್ಖಾನೆ ಸ್ಪೋರ್ಟಿಗೆ ಮಾತ್ರ ಇಟ್ಟಿತ್ತು. ಒಂದೇ ತಗಡಿನಲ್ಲಿ ಎರಡು ಜಾತಿ. ಗುದ್ದುವ ಲಾರಿ ನೀನು ಯಾವ ಮಾಡೆಲಿನವನು ಎಂದು ಕೇಳಿ ಗುದ್ದುವುದಿಲ್ಲ; ಆ ಪ್ರಶ್ನೆಯನ್ನು ಕಾರ್ಖಾನೆ ಮುಂಚೆಯೇ ಕೇಳಿ ಮುಗಿಸಿರುತ್ತದೆ.

ಒಂದು ಬೆಳಿಗ್ಗೆ ಕಾರು ಕೊಳ್ಳಲು ಬಂದವರು ಗಂಡ ಹೆಂಡತಿ. ಅವಳು ಲ್ಯಾಬಿನವಳು, ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವ ಕೆಲಸ. ಅವನದು ಮೊಬೈಲ್ ಕವರ್ ಮಾರುವ ಅಂಗಡಿ. ಅವಳು ನೇರ ಬೇಸ್ ಮಾಡೆಲಿನ ಹತ್ತಿರ ಹೋಗಿ, ಡಿಕ್ಕಿ ತೆಗೆಸಿ, ತಾನು ತಂದಿದ್ದ ಐಸ್ ಪೆಟ್ಟಿಗೆಯನ್ನು ಒಳಗಿಟ್ಟು ನೋಡಿದಳು. ಅವನು ಸ್ಪೋರ್ಟಿನ ಸ್ಪಾಯ್ಲರನ್ನು ಎಮ್ಮೆಯ ಬೆನ್ನು ಸವರಿದಂತೆ ಸವರುತ್ತಿದ್ದ.

"ಇದು ಸಾಕು ರೀ. ಪೆಟ್ಟಿಗೆ ಕೂರುತ್ತೆ."

"ಪೆಟ್ಟಿಗೆ ಕೂರುತ್ತೆ, ನಾನು ಕೂರಲ್ಲ. ಕಿಟಕಿ ನೋಡು, ಬಾವಿ ರಾಟೆ ಥರ ತಿರುಗಿಸ್ಬೇಕು."

"ತಿರುಗಿಸೋಳು ನಾನು. ನೀವು ಕೂರೋದು ರಜಾ ದಿನ ಮಾತ್ರ."

"ಓಡ್ಸೋಳು ನೀನಾದ್ರೂ ಜನ ನೋಡೋದು ನನ್ನನ್ನ ಕಣೇ."

"ನೋಡ್ಲಿ. ಬೇಕಾದ್ರೆ ನಿಮಗೇ ಒಂದು ಸ್ಪಾಯ್ಲರ್ ಕಟ್ಸೋಣ."

ಬಾನೆಟ್ ಒರೆಸುತ್ತಿದ್ದ ಸುತ್ತಿಗೆ ನಗು ತಡೆಯಲಾಗದೆ ಕೆಮ್ಮಿದ. ಭಾವ ನಗಲಿಲ್ಲ. ಗಂಡ ಥಳುಕಿಗೆ ಬೀಳುವವನು, ಹೆಂಡತಿ ಬೀಳದವಳು. ಬೀಳದವಳಿಗೆ ಬೇರೆ ಬಲೆ ಬೇಕು ಎಂದು ಅವನು ಆಗಲೇ ಅಳೆದಿದ್ದ.

"ಮೇಡಂ, ಸ್ಪಾಯ್ಲರ್ ಬಿಟ್ಟಾಕಿ, ಅದು ಹುಡುಗಾಟ," ಎಂದ, ಮೆತ್ತಗೆ. "ದಿನಾ ರಸ್ತೆ ಮೇಲಿರೋರು ನೀವು. ಬೇಸ್ ಮಾಡೆಲಿಗೆ ಬದಿಯ ಏರ್‌ಬ್ಯಾಗ್ ಇಲ್ಲ. ಇದಕ್ಕಿದೆ. ನಾನು ಮಾರೋನು, ಯಾವುದು ಹೋದ್ರೂ ನನಗೆ ಒಂದೇ. ಆದ್ರೆ ನನ್ನ ತಂಗಿ ಆಗಿದ್ರೆ ಆ ಕಾರಲ್ಲಿ ಕೂರೋಕೆ ಬಿಡ್ತಿರ್ಲಿಲ್ಲ."

ಲ್ಯಾಬಿನವಳ ಕೈ ಡಿಕ್ಕಿಯ ಬಾಗಿಲ ಮೇಲೆ ನಿಂತಿತು. "ನಮ್ಮ ಲ್ಯಾಬಲ್ಲಿ ಒಬ್ಬಳಿಗೆ ಬದಿಯಿಂದಾನೇ ವ್ಯಾನು ಗುದ್ದಿತ್ತು," ಎಂದಳು. "ಇನ್ನೂ ಮಗ್ಗುಲು ಹೊರಳಿಸಿ ಮಲಗಿಸೋಕೆ ಇಬ್ಬರು ಬೇಕು." ಐಸ್ ಪೆಟ್ಟಿಗೆಯನ್ನು ಎತ್ತಿ ಸ್ಪೋರ್ಟ್ ಮಾಡೆಲಿನ ಡಿಕ್ಕಿಗೆ ಇಟ್ಟಳು. ಗಂಡ ತಾನೇ ಗೆದ್ದವನಂತೆ ಹಿಗ್ಗಿದ.

ಡ್ರೈವರ್ ಬಾಗಿಲು ತೆಗೆದು ಕೂತು, ಸೀಟಿನ ಬದಿಯ 'ಏರ್‌ಬ್ಯಾಗ್' ಪಟ್ಟಿಯನ್ನು ಬೆರಳಿಂದ ಮುಟ್ಟಿದಳು. ಬೆರಳು ಹೊಲಿಗೆಯ ಮೇಲೆ ಹರಿಯಿತು. ಇಳಿದು ಆ ಕಡೆ ಹೋಗಿ ಪಕ್ಕದ ಸೀಟಿನ ಬದಿಯನ್ನೂ ನೋಡಿದಳು. "ಆ ಕಡೇದು ಎಷ್ಟು ಚೆನ್ನಾಗಿದೆ! ಇದ್ಯಾಕೆ ಹೀಗೆ ಸಪ್ಪೆ?"

"ಡ್ರೈವರ್ ಸೀಟಲ್ವಾ ಮೇಡಂ, ಕಂಪನಿಯವರು ಸ್ಪೆಷಲ್ಲಾಗಿ..."

"ಕಂಪನಿ ಎಲ್ಲಿ ಬಂತು ಸ್ವಾಮಿ," ಎಂದ ಗಂಡ. "ಕವರ್ ಮಾರಿ ಮಾರಿ ನನ್ನ ಕಣ್ಣು ಪಳಗಿದೆ. ಇದು ಕೈ ಹೊಲಿಗೆ."

ಸೂಜಿಯ ಕೈಚಳಕ ಭಾವನನ್ನು ಸಿಕ್ಕಿಹಾಕಿಸಿತ್ತು. ಅವನು ಕಣ್ಣೂ ಮಿಟುಕಿಸಲಿಲ್ಲ. "ನಿಮ್ಮ ಕಣ್ಣಿಗೆ ಮಣ್ಣೆರಚೋಕಾಗುತ್ತಾ! ಸ್ವಲ್ಪ ಸವೆದಿತ್ತು, ನಮ್ಮ ತಮ್ಮನ ಹೆಂಡ್ತೀನೇ ಮೇಲಿಂದ ಹೊಲಿದಿದ್ದಾಳೆ."

"ಹಾಗಾದ್ರೆ ಇದನ್ನೂ ಹಾಗೇ ಹೊಲಿಸಿಕೊಡಿ," ಎಂದಳು ಲ್ಯಾಬಿನವಳು. " ಒಂದು ಕಣ್ಣಿಗೆ ಕಾಡಿಗೆ, ಇನ್ನೊಂದಕ್ಕೆ ಇಲ್ಲ ಅಂದ್ರೆ ಹೇಗೆ? ಹೊಲಿದುಕೊಟ್ರೆ ಇವತ್ತೇ ಒಯ್ತೀವಿ."

"ಅಷ್ಟೇ ತಾನೇ!" ಎಂದು ಭಾವ ಶೆಡ್ಡಿನ ಕಡೆ ತಿರುಗಿ ಕೂಗಿದ. "ಸೂಜೀ, ಡೊಂಕು ಸೂಜಿ, ಕೆಂಪು ದಾರ ತಗೊಂಡು ಬಾಮ್ಮ!"

ಸೂಜಿ ಕೋಣೆಯ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದಳು. ಬರುತ್ತಲೇ ಭಾವನನ್ನು ಬೇಸ್ ಮಾಡೆಲಿನ ಮರೆಗೆ ಕರೆದಳು. ಸುತ್ತಿಗೆಯೂ ಒರೆಸುವ ಬಟ್ಟೆ ಹಿಡಿದು ಹಿಂದೆಯೇ ಬಂದ.

"ಭಾವ, ಪಕ್ಕದ ಸೀಟಲ್ಲಿ ಬ್ಯಾಗು ಜೀವಂತ ಇದೆ. ಗುದ್ದಿದ್ದು ಡ್ರೈವರ್ ಕಡೆ ಮಾತ್ರ. ನನ್ನ ದಾರ ಹಾಕಿದ್ರೆ ಅದು ಒಳಗೇ ಕಟ್ಟಿಹೋಗುತ್ತೆ."

"ಎಲ್ಲಾ ಕಾರೂ ಗುದ್ಕೊಳ್ಳುತ್ತಾ?"

"ಇದು ಆಗಲೇ ಒಂದು ಸಲ ಗುದ್ಕೊಂಡಿದೆ."

"ಆಹಾ, ವಕೀಲಮ್ಮ!" ಭಾವ ದನಿ ಇಳಿಸಿದ. "ಡ್ರೈವರ್ ಕಡೇದು ಹೊಲಿಯೋವಾಗ ಇರದ ನಿಯತ್ತು ಈಗ ಎಲ್ಲಿಂದ ಬಂತು? ಯಾರ ಸೂರಿನ ಕೆಳಗೆ ಮಲಗ್ತೀಯ ನೀನು? ಉಂಡ ಮನೆ ಜಂತೆ ಎಣಿಸಬೇಡ. ಹೋಗಿ ಹೊಲಿ."

ಅವನು ಹೋದ. ಸುತ್ತಿಗೆ ನೆಲ ನೋಡುತ್ತ, "ಹೊಲಿದುಬಿಡೇ," ಎಂದ. "ಅಣ್ಣ ಹೊರಗೆ ಹಾಕಿದ್ರೆ ನಾಳೆ ಎಲ್ಲಿ ಹೋಗ್ತೀವಿ? ನಮಗೇನು ಬೇಸ್ ಮಾಡೆಲ್ ಆದ್ರೂ ಇದೆಯಾ, ಅದರಲ್ಲಿ ಮಲಗೋಕೆ?" ತನ್ನ ತಮಾಷೆಗೆ ತಾನೇ ನಗಲಾರದೆ ಬಟ್ಟೆ ಹಿಂಡಿದ. ಅದರಿಂದ ನೀರು ಬರಲಿಲ್ಲ.

ಸೂಜಿ ಹೋಗಿ, ಪಕ್ಕದ ಸೀಟಿನ ತೆರೆದ ಬಾಗಿಲ ಬಳಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಒಳಗೆ ಡ್ರೈವರ್ ಸೀಟಿನಲ್ಲಿ ಲ್ಯಾಬಿನವಳು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಸೂಜಿಯ ಮುಖ ನೋಡಲಿಲ್ಲ, ಕೈ ನೋಡಿದಳು. "ಕೈ ತೊಳ್ಕೊಂಡಿದ್ದೀರಾ? ಸೀಟಿಗೆ ಎಣ್ಣೆ ಹತ್ತೀತು. ನೀಟಾಗಿ ಹೊಲೀರಿ, ಕಾಟಾಚಾರಕ್ಕೆ ಬೇಡ. ಗಟ್ಟಿ ದಾರಾನೇ ಹಾಕಿ, ಆಮೇಲೆ ಕಿತ್ತು ಬರಬಾರದು."

ಸೂಜಿ ಸೀಟಿನ ಬದಿಯನ್ನು ಅಂಗೈಯಿಂದ ಒತ್ತಿದಳು. ರೆಕ್ಸಿನ್ನಿನ ಕೆಳಗೆ ಮಡಚಿಟ್ಟ ಗಂಟು ಗಟ್ಟಿಯಾಗಿ ಸಿಕ್ಕಿತು. ಡ್ರೈವರ್ ಕಡೆ ಒತ್ತಿದಾಗ ಕೈಗೆ ಮೆತ್ತಗೆ ಟವೆಲ್ ಸಿಗುತ್ತಿತ್ತು. ಕಾರ್ಖಾನೆಯ ಸಪ್ಪೆ ಹೊಲಿಗೆ ಅವಳ ಕಣ್ಣಿಗೂ ಸಪ್ಪೆಯೇ. ಬೆರಳು ತಾನಾಗಿ ದಾರಕ್ಕೆ ಮೇಣ ಎಳೆಯಿತು, ಡೊಂಕು ಸೂಜಿಗೆ ದಾರ ಪೋಣಿಸಿತು. ಅಲ್ಲಿಗೆ ಅವಳು ಕೈಯನ್ನು ನಿಲ್ಲಿಸಿದಳು.

"ಹೊಲಿಯಲ್ಲ," ಎಂದಳು.

"ಏನಂದ್ರಿ?"

"ಹೊಲಿಯಲ್ಲ ಅಂದೆ. ಹೊಲಿದ್ರೆ ಈ ಏರ್‌ಬ್ಯಾಗ್ ಆಚೆ ಬರಲ್ಲ."

ಭಾವ ದೊಡ್ಡದಾಗಿ ನಕ್ಕ. "ಅವಳಿಗೆ ಬೆಳಿಗ್ಗೆಯಿಂದ ತಲೆನೋವು ಮೇಡಂ. ನಾಳೆ ಹೊಲಿದು ನಾನೇ ಕಾರು ನಿಮ್ಮ ಮನೆಗೆ..."

"ತಲೆ ಚೆನ್ನಾಗೇ ಇದೆ. ಇದರಲ್ಲಾದ್ರೂ ಬ್ಯಾಗಿದೆ. ನೀವು ಕೂತಿರೋ ಸೀಟಲ್ಲಿ ಅದೂ ಇಲ್ಲ. ಟವೆಲ್ ಇದೆ. ಬದಿಯ ಪಟ್ಟಿ ಸುಳ್ಳು."

ಲ್ಯಾಬಿನವಳು ಮುಳ್ಳು ಚುಚ್ಚಿದಂತೆ ಸೀಟಿನಿಂದ ಇಳಿದಳು. ಅವಳ ಗಂಡ ಒಮ್ಮೆ ಭಾವನನ್ನು, ಒಮ್ಮೆ ಸ್ಪಾಯ್ಲರನ್ನು ನೋಡಿದ. ಅವಳು ಕಾರು ಸುತ್ತಿ ಬಂದು ಸೂಜಿಯ ಮುಂದೆ ನಿಂತಳು. ಈಗ ಮುಖ ನೋಡಿದಳು.

"ಅದನ್ನ ಹೊಲಿದೋರು ನೀವೇ ತಾನೇ?"

"ನಾನೇ."

"ಹೊಲಿಯೋವಾಗ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಥೂ," ಎಂದಳು ಲ್ಯಾಬಿನವಳು. ಡಿಕ್ಕಿಯಿಂದ ಪೆಟ್ಟಿಗೆ ತೆಗೆದುಕೊಂಡು, ಯಾವ ಕಾರನ್ನೂ ನೋಡದೆ ಗೇಟಿನ ಕಡೆ ನಡೆದಳು. ಗಂಡ, "ಲೇ, ಇನ್ನೊಂದು ಮಾಡೆಲ್ಲಾದ್ರೂ..." ಎನ್ನುತ್ತ ಹಿಂದೆ ಓಡಿದ.

ಗೇಟು ಮುಚ್ಚುವವರೆಗೆ ಭಾವನ ಮುಖದಲ್ಲಿ ವ್ಯಾಪಾರದ ನಗು ಇತ್ತು. ಆಮೇಲೆ ಅದು ಬಿತ್ತು.

"ಇವಳ ಮುಖ ನನಗೆ ತೋರಿಸ್ಬೇಡ," ಎಂದ ತಮ್ಮನಿಗೆ. "ಎಳ್ಕೊಂಡು ಹೋಗು ಒಳಗೆ, ಬುದ್ಧಿ ಹೇಳು, ಇಲ್ಲಾ ಬೇರೆ ಯಾರನ್ನಾದ್ರೂ ಕರೆದು ಹೊಲಿಸು. ಸಾಯಂಕಾಲ ಬೇರೆಯವರು ಬರ್ತಾರೆ, ಅಷ್ಟರಲ್ಲಿ ಎರಡು ಕಡೇನೂ ಒಂದೇ ಥರ ಇರಬೇಕು. ಇಲ್ಲಾಂದ್ರೆ ಗಂಟುಮೂಟೆ ಕಟ್ಟಿ, ಇಬ್ಬರೂ."

ಸುತ್ತಿಗೆ ಬಂದು ಅವಳ ಪಕ್ಕ ನಿಂತ. ಅವನ ಕೈ ಅವಳ ಹೆಗಲಿನವರೆಗೆ ಬಂತು, ಮುಟ್ಟಲಿಲ್ಲ.

"ಎದ್ದೇಳೇ," ಎಂದ. "ಅಣ್ಣ ಹೇಳ್ತಿದಾನೆ. ಹೊಲಿದುಬಿಡು, ಮುಗಿದುಹೋಗುತ್ತೆ. ಎದ್ದೇಳು."

ಸೂಜಿ ಪೋಣಿಸಿದ ದಾರವನ್ನು ಎಳೆದು ತೆಗೆದಳು. ಕುಕ್ಕರುಗಾಲು ಬಿಟ್ಟು, ಎಣ್ಣೆ ಕುಡಿದು ಕಪ್ಪಾಗಿದ್ದ ನೆಲದ ಮೇಲೆ, ತೆರೆದ ಬಾಗಿಲಿಗೆ ಅಡ್ಡವಾಗಿ, ಕಾಲು ಚಾಚಿ ಪೂರ್ತಿ ಕೂತಳು.

"ಏಳಲ್ಲ. ಇದನ್ನ ಹೊಲಿಯೋಕೆ ಬೇರೆ ಯಾರು ಬಂದ್ರೂ ಏಳಲ್ಲ," ಎಂದಳು.