ಯಾರ ಕೊರಳಪಟ್ಟಿ

“ಅಮ್ಮಾ, ತೊಟ್ಟಿಲ ಹಾಸಿಗೇನ ಅವನ ಕೈಗೆ ಕೊಡಬೇಡಿ. ಬರಡು ಕೈ ಅದು. ಇಲ್ಲಿ ಕೊಡಿ ಅಳತೆ, ನಾನೇ ಮಾಡಿಕೊಡ್ತೀನಿ.”

ಅಣ್ಣ ಇದನ್ನು ಗುಟ್ಟಾಗಿಯೇನೂ ಹೇಳಲಿಲ್ಲ. ಸೋಫಾ ಅಂಗಡಿಯ ಮೂಲೆಮೂಲೆಗೂ ಕೇಳುವ ಹಾಗೆ, ನಗುತ್ತಲೇ ಹೇಳಿದ. ಫೋಮ್ ಕತ್ತರಿಸುತ್ತಿದ್ದ ಗುಂಡ ಕಿಸಕ್ಕನೆ ನಕ್ಕ. ಟೈಲರಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿ ತಲೆ ತಗ್ಗಿಸಿದಳು. ಮೊಮ್ಮಗಳ ತೊಟ್ಟಿಲಿಗೆಂದು ಬಂದಿದ್ದ ಹೆಂಗಸು ಅವನ ತಮ್ಮನತ್ತ ಅಳತೆಯ ಚೀಟಿ ಚಾಚಿದ್ದ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡಳು. ಅಣ್ಣನ ಮಾತಿಗಿಂತ ಹಾಗೆ ಹಿಂದೆ ಸರಿದ ಆ ಕೈ ತಮ್ಮನನ್ನು ಹೆಚ್ಚು ಉರಿಸಿತು. ಕೈಯಲ್ಲಿದ್ದ, ಬಟ್ಟೆಗೆ ಪಿನ್ನು ಹೊಡೆಯುವ ಗನ್ನಿನಿಂದ ಕುರ್ಚಿಯ ಬೆನ್ನಿಗೆ ಒಂದೇ ಕಡೆ ಪಟಪಟನೆ ಹೊಡೆದ. ಬಟ್ಟೆ ಹರಿಯಿತು.

ಮಕ್ಕಳೇಕೆ ಆಗಿಲ್ಲ ಎಂಬ ನಿಜ ಗೊತ್ತಿದ್ದದ್ದು ಅವನಿಗೆ, ಅವನ ಹೆಂಡತಿಗೆ, ಅಷ್ಟೇ. ಹೋದ ವಾರ ಡಾಕ್ಟರಮ್ಮ ಅವನ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಪರದೆಯ ಮೇಲೆ ತೋರಿಸಿದ್ದರು. ಮೊದಲು ಅವನಿಗೆ ಹಿಗ್ಗೇ ಆಗಿತ್ತು. ಎಷ್ಟೊಂದು!

“ಸಂಖ್ಯೆಗೇನೂ ಬರವಿಲ್ಲ. ಆದ್ರೆ ನೋಡಿ, ಒಂದೂ ಮುಂದಕ್ಕೆ ಹೋಗ್ತಿಲ್ಲ.”

ತಲೆಗೆ ತಲೆ, ಬಾಲಕ್ಕೆ ಬಾಲ ಅಂಟಿಕೊಂಡು ನಿಂತಲ್ಲೇ ವಿಲವಿಲ ಒದ್ದಾಡುತ್ತಿದ್ದವು. ರೋಗಾಣು ಹೊಕ್ಕರೆ ಹೊಡೆಯಲೆಂದು ಮೈ ತಯಾರಿಸುವ ಪ್ರತಿಕಾಯಗಳು ಅವನ ವೀರ್ಯಾಣುಗಳನ್ನೇ ಕಳ್ಳರೆಂದುಕೊಂಡು ಹಿಡಿದುಹಾಕಿದ್ದವಂತೆ. ಹೇಗೋ ತಪ್ಪಿಸಿಕೊಂಡು ಅಂಡಾಣುವಿನವರೆಗೆ ಹೋದರೂ ಅದರ ಹೊದಿಕೆ ಸೀಳಿ ಒಳಹೋಗುವುದು ಕಷ್ಟವಂತೆ. ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿಗೆ ಚುಚ್ಚುವ ದಾರಿಯೊಂದಿತ್ತು. ಅದರ ಖರ್ಚು ಗಂಡಹೆಂಡಿರ ಕೈಗೆಟುಕದ್ದು, ಎಟುಕಿದರೂ ಖಾತ್ರಿಯಿಲ್ಲದ್ದು.

“ಚಿಕ್ಕವರಿದ್ದಾಗ ಅಲ್ಲಿ ಪೆಟ್ಟೇನಾದ್ರೂ ಬಿದ್ದಿತ್ತಾ? ಒಳಗೆ ಗಾಯವಾದ್ರೂ ಮೈ ಹೀಗೆ ತಿರುಗಿಬೀಳೋದುಂಟು.”

ಬಿದ್ದಿತ್ತು. ಹೊಸ ಸೋಫಾದ ಮೇಲೆ ಮೊದಲು ಯಾರು ಕುಣಿಯಬೇಕೆಂದು ಜಗಳವಾಗಿ ಅಣ್ಣ ಅವನ ತೊಡೆಸಂದಿಗೆ ಒದ್ದಿದ್ದ. ಊದಿಕೊಂಡು ಕಾಲು ಅಗಲಿಸಿ ನಡೆಯುವಂತಾದಾಗ, “ಗೋಡೆಯಿಂದ ಬಿದ್ದೆ ಅನ್ನೋ, ನಿನ್ನ ಕಾಲಿಗೆ ಬೀಳ್ತೀನಿ” ಎಂದು ಅಣ್ಣ ಅತ್ತಿದ್ದ. ತಮ್ಮನೂ ಮನೆಯಲ್ಲಿ ಹಾಗೆಯೇ ಹೇಳಿದ್ದ.

“ಅದರಿಂದ್ಲೇನಾ ಡಾಕ್ಟ್ರೇ?”

“ಇರಬಹುದು. ಇಲ್ಲದೇನೂ ಇರಬಹುದು. ಪೆಟ್ಟೇ ಬೀಳದವರಿಗೂ ಹೀಗಾಗುತ್ತೆ. ಯಾರೂ ಖಂಡಿತವಾಗಿ ಹೇಳೋಕಾಗಲ್ಲ.”

ಹಾಳಾಗಿ ಹೋಗಲಿ, ಹೌದೋ ಅಲ್ಲವೋ ಅಂತಲಾದರೂ ಹೇಳಬಾರದಿತ್ತೇ! ಯಾರದಾದರೂ ಕೊರಳಪಟ್ಟಿ ಹಿಡಿಯಲು ಕೈ ತುರಿಸುತ್ತಿತ್ತು. ಸ್ವಂತ ರಕ್ತಕ್ಕೆ ಕೊರಳಪಟ್ಟಿ ಎಲ್ಲಿಂದ ತರುವುದು?

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಹೆಂಡತಿ ಅವನ ತೋಳು ಹಿಡಿದುಕೊಂಡಿದ್ದಳು. “ನಿಮ್ಮಲ್ಲಿದೆ ಅಂತ ಬೇಕಾದ್ರೆ ಹೇಳಿ. ಆದ್ರೆ ಆ ಒದೆ ವಿಷಯ ಮಾತ್ರ ಬೇಡ. ಕಾರಣ ಅದಲ್ಲದೇ ಹೋದ್ರೆ? ಭಾವನ್ನ ಸುಮ್ಮಸುಮ್ಮನೆ ಬದುಕಿರೋವರೆಗೂ ಕೊಂದ ಹಾಗಾಗುತ್ತೆ.”

ತೊಟ್ಟಿಲ ಗಿರಾಕಿ ಅಂಗಡಿಯಿಂದ ಹೋದ ಮೇಲೆ ಅಣ್ಣ ಹತ್ತಿರ ಬಂದ. ಹರಿದ ಬಟ್ಟೆ ಕಂಡರೂ ಬಯ್ಯದೆ ತಮ್ಮನ ಹೆಗಲ ಮೇಲೆ ಕೈಯಿಟ್ಟ.

“ಲೋ, ತಮಾಷೆಗಂದೆ ಕಣೋ. ಮುಖ ಯಾಕೆ ಹಾಗೆ ಊದಿಸ್ಕೊಂಡಿದೀಯ? ಡಾಕ್ಟ್ರ ಹತ್ರ ಹೋಗಿದ್ರಂತಲ್ಲ, ಏನಂದ್ರು? ನಿನ್ನಲ್ಲೋ, ಅವಳಲ್ಲೋ?”

ಗುಂಡನ ಕತ್ತಿ ನಿಂತಿತು. ಟೈಲರಮ್ಮ ಇಲ್ಲದ ನೂಲನ್ನು ಸೂಜಿಗೆ ಪೋಣಿಸತೊಡಗಿದಳು.

“ನಿನ್ನಲ್ಲಂತೂ ಇರಲ್ಲ ಬಿಡು, ನಮ್ಮ ಮನೇಲಿ ಯಾರಿಗಿತ್ತು ಆ ತೊಂದ್ರೆ? ಅವಳಲ್ಲಾದ್ರೆ ಬಾಯಿಬಿಟ್ಟು ಹೇಳು. ಅವಳ ತವರಿನವರ ಹತ್ರ ನಾನೇ ಮಾತಾಡ್ತೀನಿ.”

‘ನನ್ನಲ್ಲೇ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದರ ಬೆನ್ನಿಗೇ ‘ನಿನ್ನಿಂದಲೇ’ ಎಂಬುದೂ ನುಗ್ಗಿ ಬಂತು. ಒಂದನ್ನು ಬಿಟ್ಟರೆ ಇನ್ನೊಂದನ್ನು ತಡೆಯುವುದು ತನ್ನಿಂದಾಗದು ಎಂದು ಅವನಿಗೆ ಗೊತ್ತಿತ್ತು. ಸುಮ್ಮನಿದ್ದರೆ ಎಲ್ಲವೂ ಅವಳ ತಲೆಗೆ ಎಂಬುದೂ ಗೊತ್ತಿತ್ತು.

“ಹಾಗಾದ್ರೆ ಅವಳಲ್ಲೇ ಅನ್ನು” ಎಂದು ಅಣ್ಣ ನಿಟ್ಟುಸಿರಿಟ್ಟ.

ತಮ್ಮ ಗನ್ನನ್ನು ಕುರ್ಚಿಯ ಮೇಲಿಟ್ಟ. ಅಣ್ಣನ ಕೈಯನ್ನು ಹೆಗಲಿನಿಂದ ಇಳಿಸಿ, ಚಪ್ಪಲಿ ಮೆಟ್ಟಿಕೊಂಡು, ಬೀದಿಗಿಳಿದು ನಡೆದುಬಿಟ್ಟ.