ಹುಚ್ಚೀರಪ್ಪನ ಪಥ್ಯ

"ಇದನ್ನ ಒಯ್ದು ಎಮ್ಮಿಗೆ ಹಾಕು," ಎಂದು ಹುಚ್ಚೀರಪ್ಪ ಗಂಗಾಳವನ್ನು ಎರಡು ಬೆರಳಿನಿಂದ ಸರಿಸಿದ. ಪೂರ್ತಿ ಕೈ ಹಚ್ಚಲಿಕ್ಕೂ ಅದು ಯೋಗ್ಯವಲ್ಲ ಎಂಬಂತಿತ್ತು ಸರಿಸಿದ ರೀತಿ.

"ನಮ್ಮನ್ಯಾಗ ಎಮ್ಮಿ ಎಲ್ಲೈತ್ರಿ?" ಎಂದಳು ಸುಂಕಲಮ್ಮ.

ಗಂಗಾಳದಲ್ಲಿ ಎರಡು ನವಣೆ ರೊಟ್ಟಿ, ಒಂದು ಹಿಡಿ ಹಕ್ಕರಕಿ ಸೊಪ್ಪಿನ ಪಲ್ಯ, ಬೇಯಿಸಿದ ಹಾಗಲಕಾಯಿ, ಪಕ್ಕಕ್ಕೆ ಒಂದು ಬಟ್ಟಲು ಮೊಸರು ಇದ್ದವು. ಹುಚ್ಚೀರಪ್ಪ ಮೊಸರನ್ನಷ್ಟೇ ಎತ್ತಿ ಕುಡಿದ. ಉಳಿದದ್ದನ್ನು ಕಟ್ಟಿಕೊಡು, ಮಧ್ಯಾಹ್ನ ನೋಡುತ್ತೇನೆ ಎಂದು ಎದ್ದ. ಗೋಡೆಯ ಗೂಟದಿಂದ ಪಟ್ಟಾ ತೆಗೆದು ಎದೆಗೆ ಅಡ್ಡ ಹಾಕಿಕೊಂಡು, ಅದರ ಹಿತ್ತಾಳೆ ಬಿಲ್ಲೆಯನ್ನು ಧೋತರದ ಚುಂಗಿನಿಂದ ಒರೆಸಿದ.

ಕುಷ್ಟಗಿಯ ಕಚೇರಿಯಲ್ಲಿ ಅವನು ಚಪರಾಸಿ. ಇಪ್ಪತ್ತೆರಡು ವರ್ಷಗಳಿಂದ ಸಾಹೇಬರು ಒಳಗೆ ಹೋಗುವಾಗ ಬಾಗಿಲ ಪರದೆ ಎತ್ತುವುದು, ಹೋದ ಮೇಲೆ ಇಳಿಸುವುದು ಅವನ ಕೆಲಸ. ಇದರಿಂದ ಅವನಿಗೆ ಬಂದ ಗತ್ತು ಒಳಗೆ ಕೂತ ಸಾಹೇಬರಿಗೂ ಇರಲಿಲ್ಲ. ಓಣಿಯ ಬೇರೆ ಹೆಂಗಸರೆಲ್ಲ ಗಂಡಂದಿರಿಗೆ 'ನೀನು' ಎನ್ನುತ್ತಿದ್ದರೆ, ಸರಕಾರಿ ಮನುಷ್ಯನ ಹೆಂಡತಿ 'ನೀವು' ಎನ್ನಬೇಕು ಎಂದು ಮದುವೆಯಾದ ವರ್ಷವೇ ಸುಂಕಲಮ್ಮನಿಗೆ ಕಲಿಸಿದ್ದ. ನವಣೆ ಎಂದರೆ ಅವನಿಗೆ ಹೊಲದಲ್ಲಿ ದುಡಿಯುವವರ ತುತ್ತು. ತಾನು ಅನ್ನ ಉಣ್ಣುವವನು.

ಬಚ್ಚಲಲ್ಲಿ ಅವನು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುವುದನ್ನು ಮೊದಲು ಕಂಡವಳು ಸುಂಕಲಮ್ಮ. ಆಮೇಲೆ ಮೆಟ್ಟಿದ ಚರ್ಮದ ಜೋಡು ಕಚ್ಚಿ ಅವನ ಕಾಲ್ಬೆರಳಿಗೆ ಗಾಯವಾಯಿತು, ಗಾಯ ಮಾಯಲಿಲ್ಲ. ಹಕೀಮ ಶಾಮೀದಸಾಬರು ನೋಡಿ ಸಕ್ಕರೆ ರೋಗ ಎಂದರು. "ಅಕ್ಕಿ ಬಂದ್. ಬೆಲ್ಲ, ಸಕ್ಕರಿ, ಗೆಣಸು ಬಂದ್. ನವಣಿ ತಿನ್ನು, ಪಲ್ಯಾ ತಿನ್ನು, ದಿನಾ ಒಂದು ಬಟ್ಟಲ ಮಸರು. ಇಲ್ಲಾಂದ್ರ ಮೊದಲ ಬೆರಳು ಹೋಗ್ತೈತಿ, ಆಮ್ಯಾಲ ಕಾಲು."

ಹೇಳುವುದು ಸುಲಭ. ಎರಡನೆಯ ಮಹಾಯುದ್ಧ ಶುರುವಾದಾಗಿನಿಂದ ಸಂತೆಯಲ್ಲಿ ಕಾಳುಕಡಿಯ ಬೆಲೆ ಕೇಳಿದರೆ ಎದೆ ಒಡೆಯುತ್ತಿತ್ತು. ಕಚೇರಿಯವರಿಗೆ ತಿಂಗಳಿಗೊಮ್ಮೆ ಗಂಗಾವತಿ ಕಡೆಯ ಅಕ್ಕಿ, ಒಂದಿಷ್ಟು ಸಕ್ಕರೆ ಸಿಗುತ್ತಿತ್ತು. ಸುಂಕಲಮ್ಮ ಒಂದು ಸೇರು ಅಕ್ಕಿ ಕೊಟ್ಟು ಮೂರು ಸೇರು ನವಣೆ ತಂದಳು. ಎಮ್ಮೆ ಕಟ್ಟಿದ್ದ, ಚಹಾದ ಚಟ ಹತ್ತಿದ್ದ ಅದೇ ಓಣಿಯ ದುರಗಮ್ಮನ ಮನೆಗೆ ಸಕ್ಕರೆ ಕೊಟ್ಟು ದಿನಕ್ಕೊಂದು ಬಟ್ಟಲು ಮೊಸರು ಗೊತ್ತುಮಾಡಿಕೊಂಡಳು. ಬಚ್ಚಲ ನೀರು ಹರಿಯುವಲ್ಲಿ ಹಾಗಲಬಳ್ಳಿ ಹಬ್ಬಿಸಿದಳು. ಕಳೆ ಕೀಳಲು ಹೋದ ಹೊಲದಲ್ಲಿ ಹಕ್ಕರಕಿ, ರಾಜಗಿರಿ ಹರಿದು ಉಡಿ ತುಂಬಿಕೊಂಡು ಬಂದಳು. ತನಗೆ ಜೋಳದ ನುಚ್ಚು, ಅದರ ಮೇಲೊಂದು ಚಿಟಿಕೆ ಖಾರ. ಮೊಸರಿನ ಬಟ್ಟಲು ತೊಳೆದ ನೀರೇ ಅವಳ ಮಜ್ಜಿಗೆ.

"ಸರಕಾರದ ಅಕ್ಕಿ ಓಣ್ಯಾಗ ಮಾರ್ಕೊಂಡು ತಿರಗ್ತಿ. ನನ್ನ ಮಾನ ಕಳದಿ," ಎನ್ನುತ್ತಿದ್ದ ಹುಚ್ಚೀರಪ್ಪ. ಸುಂಕಲಮ್ಮ ಅವನ ಬುತ್ತಿಗೆ ರೊಟ್ಟಿ ಕಟ್ಟುತ್ತಿದ್ದಳು.

ಮೂರು ತಿಂಗಳಾದರೂ ಗಾಯ ಹಾಗೇ ಇತ್ತು. ಶಾಮೀದಸಾಬರು ಬಟ್ಟೆ ಬಿಚ್ಚಿ ನೋಡಿ ಮುಖ ಗಂಟುಹಾಕಿದರು. "ಪಥ್ಯ ಮಾಡಾಂವನ ಗಾಯ ಅಲ್ಲ ಇದು. ಏನವ್ವಾ, ಏನ ನೀಡತಿ ಇವಗ?"

"ನೀವು ಹೇಳಿದ್ದನ್ನ ನೀಡ್ತೀನ್ರಿ."

ಹಕೀಮರು ಹುಚ್ಚೀರಪ್ಪನ ಕಡೆ ತಿರುಗಿದರು. ಅವನು ಪಟ್ಟಾ ಸರಿಮಾಡಿಕೊಂಡ. "ಓದು ಬರಹ ಇಲ್ಲದ ಹೆಣ್ಣಮಗಳು, ಹಕೀಮ್ ಸಾಹೇಬ್ರ. ಬ್ಯಾಳಿಗೆ ಬೆಲ್ಲ ಹಾಕೋ ರೂಢಿ. ಎಷ್ಟು ಹೇಳಿದ್ರೂ ಬಿಡವಲ್ಲಳು."

"ಗಂಡನ ಕಾಲು ಬೇಕೋ ಬ್ಯಾಡೋ ನಿನಗ?" ಎಂದು ಹಕೀಮರು ಗದರಿದರು. ಔಷಧಕ್ಕೆ ಬಂದು ಕೂತಿದ್ದ ನಾಲ್ಕೈದು ಹೆಂಗಸರು ಸುಂಕಲಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು.

ದಾರಿಯಲ್ಲಿ ಸುಂಕಲಮ್ಮ ಕೇಳಿದಳು. "ಮೂರು ತಿಂಗಳಾತು, ಬೆಲ್ಲದ ಹೆಂಟಿ ಕಣ್ಣಿಲೆ ಕಂಡಿಲ್ಲ ನಾ. ಯಾಕ ಹಂಗ ಹೇಳಿದ್ರಿ?"

"ನಾಕ ಮಂದಿ ಮುಂದ ನಾ ತಪ್ಪು ಮಾಡೀನಿ ಅನ್ನಸ್ಬೇಕಾಗಿತ್ತೇನ?" ಎಂದ ಹುಚ್ಚೀರಪ್ಪ. ಮಾತು ಮುಗಿಯಿತು ಎಂಬಂತೆ ಮುಂದೆ ನಡೆದ.

ಮಾರನೆಯ ವಾರ ಒಂದು ದಿನ ಅವನು ಮೊಸರು ಕುಡಿಯದೆ, ಬುತ್ತಿಯನ್ನಷ್ಟೇ ತೆಗೆದುಕೊಂಡು ಹೋಗಿದ್ದ. ಬಟ್ಟಲಿಗೆ ಬಟ್ಟೆ ಮುಚ್ಚಿಕೊಂಡು ಸುಂಕಲಮ್ಮ ಮಧ್ಯಾಹ್ನದ ಬಿಸಿಲಲ್ಲಿ ಕಚೇರಿಗೆ ಹೋದಳು. ಸಾಹೇಬರ ಬಂಗಲೆಯ ಹಿಂದೆ ಊಟಕ್ಕೆ ಕೂತಿದ್ದಾನೆ ಎಂದು ಯಾರೋ ಹೇಳಿದರು. ಅವಳು ಆ ಕಡೆ ಹಿಂದೆಂದೂ ಹೋದವಳಲ್ಲ.

ಬೇವಿನ ಗಿಡಕ್ಕೆ ಸಾಹೇಬರ ಕುದುರೆ ಕಟ್ಟಿತ್ತು. ಹುಚ್ಚೀರಪ್ಪ ನವಣೆ ರೊಟ್ಟಿಯನ್ನು ಮುರಿದು ಮುರಿದು ಅದರ ಬಾಯಿಗೆ ಕೊಡುತ್ತಿದ್ದ. ಅವನ ಪಕ್ಕದಲ್ಲಿ ಒಂದು ತಾಟು. ತಾಟಿನಲ್ಲಿ ಯಾರೋ ಉಂಡು ಬಿಟ್ಟ ಅನ್ನ, ಅಂಚಿನಲ್ಲಿ ತುಪ್ಪ ಮೆತ್ತಿದ ಶಾವಿಗೆ ಪಾಯಸ. ಅಡುಗೆಯವನಾದ ಮಲಿಕಸಾಬ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ನೋಡು ಮಲಿಕಸಾಬ, ಕುದುರಿ ಮೈ ಹೆಂಗ ಮಿಂಚಾಕತ್ತೇತಿ. ಎಲ್ಲಾ ನಮ್ಮಾಕಿ ಕೈಗುಣ," ಎಂದು ನಕ್ಕ ಹುಚ್ಚೀರಪ್ಪ.

ಮಲಿಕಸಾಬ ನಗಲಿಲ್ಲ. "ನೀ ತಿಂದಿದ್ರ ನೀನೂ ಮಿಂಚತಿದ್ದಿ. ಮನೀ ಬುತ್ತಿ ಕುದುರಿಗೆ ಹಾಕಿ ಮಂದಿ ಎಂಜಲಾ ತಿನ್ನಾಂವನ್ನ ನಾ ನಿನ್ನೊಬ್ಬನ್ನ ನೋಡಿದ್ದು."

"ಸಾಹೇಬ್ರ ತಾಟಿಂದು ಎಂಜಲಾ ಅಂತಾರೇನ?" ಎಂದ ಹುಚ್ಚೀರಪ್ಪ, ಪಾಯಸದೊಳಗೆ ಬೆರಳಾಡಿಸುತ್ತ. "ಎಂಜಲಾ ಅಂದ್ರ ನಮ್ಮಾಕಿ ಮಾಡೋ ಅಡಗಿ. ಹುಲ್ಲು ಕುದಿಸಿ ಇಡ್ತಾಳ, ಖೋಡಿ."

ಮಲಿಕಸಾಬ ಅವಳನ್ನು ಕಂಡು ಬೀಡಿ ಆರಿಸಿದ. ಹುಚ್ಚೀರಪ್ಪ ತಿರುಗಿ ನೋಡಿದ. ಮೀಸೆಯ ಮೇಲೆ ಒಂದು ಶಾವಿಗೆ ಎಳೆ ಅಂಟಿಕೊಂಡಿತ್ತು.

ಕಿರುಚಬೇಕು ಎಂದು ಸುಂಕಲಮ್ಮನಿಗೆ ಅನ್ನಿಸಲೇ ಇಲ್ಲ. ಅವಳು ಅಲ್ಲಿದ್ದ ಒಗೆಯುವ ಕಲ್ಲಿನ ಮೇಲೆ ಕೂತಳು, ಬಟ್ಟಲ ಮೇಲಿನ ಬಟ್ಟೆ ತೆಗೆದಳು, ಮೊಸರನ್ನು ನಿಧಾನವಾಗಿ, ಒಂದು ಹನಿ ಉಳಿಯದಂತೆ ಕುಡಿದಳು. ತಣ್ಣಗೆ, ದಪ್ಪಗೆ ಗಂಟಲಲ್ಲಿ ಇಳಿಯಿತು. ಮೊಸರು ಹೀಗಿರುತ್ತದೆ ಎಂಬುದೇ ಮರೆತುಹೋಗಿತ್ತು.

"ಏ, ಅದು ನಂದು," ಎಂದ ಹುಚ್ಚೀರಪ್ಪ.

"ಹೌದು, ನಿಂದ ಇತ್ತು ಇಷ್ಟು ದಿನಾ. ಮುಖಾ ಒರಸ್ಕೋ," ಎಂದಳು ಸುಂಕಲಮ್ಮ.

ಮಲಿಕಸಾಬ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟ. ಹುಚ್ಚೀರಪ್ಪನಿಗೆ ಮೊಸರು ಹೋದದ್ದಕ್ಕಿಂತ ಮಲಿಕಸಾಬನ ಎದುರಿಗೆ 'ನೀನು' ಎನ್ನಿಸಿಕೊಂಡದ್ದೇ ಹೆಚ್ಚು ಉರಿಯಿತು.

ಮರುದಿನದಿಂದ ಅವನ ಗಂಗಾಳಕ್ಕೆ ಅನ್ನ ಬಂತು. ಅನ್ನದ ಬದಿಗೆ ಬೆಲ್ಲ. ಕಳೆ ಕಿತ್ತ ಕೂಲಿಗೆ ಬಂದ ನವಣೆಯನ್ನು ಸುಂಕಲಮ್ಮ ತನಗೇ ಬೀಸಿಕೊಂಡಳು. ಮನೆಯಲ್ಲಿದ್ದ ಪಲ್ಯ, ಹಾಗಲಕಾಯಿ, ಮೊಸರು ಎಲ್ಲವನ್ನೂ ಅವನೆದುರಿಗೇ ಕೂತು ತಾನೇ ಉಂಡಳು. ಹುಚ್ಚೀರಪ್ಪ ಗೆದ್ದೆ ಎಂದುಕೊಂಡ. ಹೆಂಗಸರನ್ನು ಹೀಗೆ ದಾರಿಗೆ ತರಬೇಕು ಎಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿದ.

ಅವಳಿಗೆ ಭಯವಾಗಲಿಲ್ಲ ಎಂದಲ್ಲ. ಅವನ ಗಾಯದ ಬಟ್ಟೆ ಒಗೆಯುವಾಗ ನೀರಿನ ಬಣ್ಣ ನೋಡಿ ಕೈ ನಿಲ್ಲುತ್ತಿತ್ತು. ಇವತ್ತೇ ಅನ್ನ ನಿಲ್ಲಿಸಿಬಿಡಲೇ ಎನ್ನಿಸುತ್ತಿತ್ತು. ಆದರೆ ಹಕೀಮರ ಪಡಸಾಲೆಯಲ್ಲಿ ತನ್ನನ್ನು ನೋಡಿದ ಹೆಂಗಸರ ಕಣ್ಣು ನೆನಪಾದರೆ ಮನಸ್ಸು ಕಲ್ಲಾಗುತ್ತಿತ್ತು. ಕೇಳಲಿ. ಬಾಯಿಬಿಟ್ಟು ಕೇಳಲಿ.

ಅವನು ಕೇಳಲು ಹದಿನೆಂಟು ದಿನ ಹಿಡಿಯಿತು. ಬೆರಳು ಕಪ್ಪಾಗಿ, ಜೋಡು ಮೆಟ್ಟಲಾರದೆ, ಬೆಳಗ್ಗೆ ಹೊಸ್ತಿಲ ಮೇಲೆ ಕುಸಿದು ಕೂತ. ಅಷ್ಟು ದಿನದಲ್ಲಿ ಸುಂಕಲಮ್ಮನ ಕೆನ್ನೆ ತುಂಬಿತ್ತು. "ನನಗೂ ಅದನ್ನ ನೀಡು," ಎಂದ ಅವನು, ಅವಳ ಗಂಗಾಳದ ಕಡೆ ನೋಡುತ್ತ.

"ಮೊದಲ ಹಕೀಮರ ಹತ್ರ ನಡಿ," ಎಂದಳು.

ಶಾಮೀದಸಾಬರು ಬೆರಳು ನೋಡಿದವರೇ ಅವಳ ಮೇಲೆ ಹರಿಹಾಯ್ದರು. "ಮತ್ತ ಬೆಲ್ಲ ಹಾಕೀಯೇನ?"

"ಹಾಕೀನ್ರಿ. ಹದಿನೆಂಟು ದಿನ ಹಾಕೀನಿ, ಸುಳ್ಳ ಹೇಳೂದಿಲ್ಲ. ಅದಕ್ಕೂ ಮೊದಲ ಮೂರು ತಿಂಗಳು ನನ್ನ ರೊಟ್ಟಿ ಏನಾತು ಅಂತ ಇವನ ಹೇಳಲಿ. ಹೇಳು."

ಪಡಸಾಲೆ ತುಂಬ ಜನ. ಹುಚ್ಚೀರಪ್ಪ ನೆಲ ನೋಡಿದ. "ಕುದುರಿಗೆ..." ಎಂದ.

"ಜೋರ ಹೇಳು. ಹಕೀಮರಿಗೆ ಕೇಳಸವಲ್ದು."

ಹಕೀಮರಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಅವರು ಬೇಡ ಎನ್ನಲಿಲ್ಲ. "ಕುದುರಿಗೆ ಹಾಕಿದೆ. ಸಾಹೇಬ್ರ ಮನ್ಯಾಗಿನ ಪಾಯಸ ತಿಂದೆ," ಎಂದ ಹುಚ್ಚೀರಪ್ಪ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಶಾಮೀದಸಾಬರು ಸುಂಕಲಮ್ಮನ ಮುಖ ನೋಡಲಾರದೆ, ಆಗಲೇ ತೊಳೆದಿಟ್ಟಿದ್ದ ಔಷಧ ಕುಟ್ಟುವ ಕಲಬತ್ತವನ್ನು ಎತ್ತಿಕೊಂಡು ಮತ್ತೆ ತೊಳೆದರು.

"ಕೊಪ್ಪಳಕ್ಕ ಒಯ್ಯಿ, ತಂಗಿ. ಬೆರಳು ತಗೀಲೇಬೇಕು. ಪಾದ ಉಳದ್ರ ಅದ ದೊಡ್ಡದು," ಎಂದರು.

ಎರಡು ಬೆರಳು ಹೋದವು. ಪಾದ ಉಳಿಯಿತು. ಕಚೇರಿಯಲ್ಲಿ ಪರದೆ ಎತ್ತಲು ಬೇರೆಯವನು ಬಂದ. ಹುಚ್ಚೀರಪ್ಪ ಪಟ್ಟಾ ಮತ್ತು ಬಿಲ್ಲೆಯನ್ನು ಮರಳಿ ಕೊಟ್ಟುಬಂದ. ಈಗ ಸುಂಕಲಮ್ಮ ಕೂಲಿಯ ಕಾಳು ಕೊಟ್ಟು ತಂದ ಮೊಸರನ್ನು ಎರಡು ಬಟ್ಟಲಿಗೆ ಸುರಿಯುತ್ತಿದ್ದಳು. ಅವನ ಬಟ್ಟಲಿಗೆ ಒಂದು ಬೆರಳಷ್ಟು ಕಡಿಮೆ ಬೀಳುತ್ತಿತ್ತು. ಅವನು ಅದನ್ನು ನೋಡುತ್ತಲೇ ಎತ್ತಿ ಕುಡಿಯುತ್ತಿದ್ದ.

ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಾಗ, "ಇನ್ನ ಮ್ಯಾಲ ನಿನ್ನ ಪಲ್ಯಾ ನೀನ ಹರ್ಕೊಂಡು ಬಾ," ಎಂದು ಅವಳು ಅವನನ್ನೂ ಹೊಲಕ್ಕೆ ಕರೆದೊಯ್ದಳು. ಕೋಲು ಊರಿಕೊಂಡು ಅವನು ಹಿಂದೆ ಹಿಂದೆ ಬಂದ. ಅವಳು ಕಳೆ ತೆಗೆಯುತ್ತ ಎರಡು ಸಾಲು ಮುಂದೆ ಹೋಗಿದ್ದಳು. ಅವನು ಸಾಲಿನ ನಡುವೆ ಕಾಲು ಚಾಚಿ ಕೂತು, ಕೈಗೆ ಸಿಕ್ಕ ಒಂದು ಗಿಡ ಕಿತ್ತು ಮೇಲೆತ್ತಿದ.

"ಇದು ಹೌದೇನ?"

ಸುಂಕಲಮ್ಮ ತಿರುಗಿ ನೋಡಿ ಅಲ್ಲ ಎಂದು ತಲೆಯಾಡಿಸಿದಳು. ಅವನು ಅದನ್ನು ಬಿಸಾಕಿ, ಕೈ ಊರಿ ಮುಂದಕ್ಕೆ ಸರಿದ. ಮಂಜಿನಿಂದ ತೊಯ್ದ ಎಲೆಗಳನ್ನು ಒಂದೊಂದಾಗಿ ಸರಿಸಿ ನೋಡುತ್ತ, ಮತ್ತೊಂದು ಕಿತ್ತು ಮೇಲೆತ್ತಿ ಹಿಡಿದ.