ಆರು ತಾಸಿಗಿಂತ ಹೆಚ್ಚು ಬೆಂದದ್ದು

ಇಳಿಯುತ್ತಿದೆ, ಗಾಜಿನ ಕೊಳವೆಯ ಬಿಳಿ ಪುಡಿಯನ್ನು ಹಾದು ಹನಿ ಹನಿಯಾಗಿ ಮೈಲುತುತ್ತದ ನೀರು, ಲೋಟಕ್ಕೆ ಬೀಳುವಾಗಲೂ ನೀಲಿಯೇ, ಬೀಳಲಿ, ಕಂಪನಿಯಿಂದ ಬಂದ ಮೂವರೂ ಕಣ್ಣರಳಿಸಿ ನೋಡಲಿ — ತಿಳಿಯಾಗತ್ತೆ, ಸ್ವಲ್ಪ ತಾಳಿ, ಅನ್ನುತ್ತ ಪ್ರೊಫೆಸರ್ ಬೆವರು ಒರೆಸಿಕೊಳ್ಳುತ್ತಾರೆ, ಆಗುವುದಿಲ್ಲ ಸಾರ್, ತಿಪ್ಪರಲಾಗ ಹಾಕಿದರೂ ಆಗುವುದಿಲ್ಲ. ನಾಲ್ಕು ವರ್ಷ ಈ ಬೂದಿಯ ಜೊತೆ ಏಗಿದವಳು ನಾನು, ವಿದ್ಯುತ್ ಸ್ಥಾವರದ ಕಲ್ಲಿದ್ದಲ ಹಾರುಬೂದಿ, ಮೂಟೆ ಬಿಚ್ಚಿದರೆ ಹುಬ್ಬೂ ಕೂದಲೂ ನರೆತ ಹಾಗೆ, ಮನೆಗೆ ಹೋದರೆ ಗಂಡ, ಏನಜ್ಜಿ, ಇವತ್ತು ಬೇಗ ಬಂದ್ಯಲ್ಲ — ಕಾಸ್ಟಿಕ್ ಸೋಡಾ ಬೆರೆಸಿ ಸುಟ್ಟು, ನೀರಲ್ಲಿ ಕದಡಿ, ಓವನ್ನಿನಲ್ಲಿ ಬೇಯಿಸಿ, ಎಷ್ಟು ಸಲ ಕೆಟ್ಟಿತು, ಕೊನೆಗೊಂದು ದಿನ ಆ ಕೊಳಕು ಬೂದಿಯೇ ಜಿಯೋಲೈಟ್ ಆಯಿತು, ಕಣಕಣದಲ್ಲೂ ತೂತು, ನೀಲಿಯನ್ನೆಲ್ಲ ಹೀರಿಕೊಂಡು ನೀರನ್ನು ತಿಳಿಮಾಡಿತು, ಆರೇ ತಾಸು ಬೇಯಬೇಕು, ಹೆಚ್ಚು ಬೆಂದರೆ ತೂತು ಕಿರಿದಾಗಿ ಬೇರೆಯೇ ಹರಳು, ನೋಡಲು ಅದೇ ಬಿಳುಪು, ಕೆಲಸಕ್ಕೆ ಬಾರದ್ದು. ಪೆದ್ದಿ ನಾನು, ಓಡಿಹೋಗಿ ಪ್ರೊಫೆಸರಿಗೇ ಹೇಳಿದೆ. ಲೇಖನ ಅಚ್ಚಾಗಿ ಬಂತು, ಅವರ ಹೆಸರು, ಅವರ ಅಳಿಯನ ಹೆಸರು, ಮಗಳು ಕೊನೆಯ ಸಾಲಿನವರೆಗೂ ಓದಿ, ಅಮ್ಮ, ನೀನೆಲ್ಲಿದೀಯ ಇದ್ರಲ್ಲಿ, ಹೋಗಿ ಕೇಳಿದ್ದಕ್ಕೆ ಪ್ರೊಫೆಸರ್, ತೊಳೆಯೋರು ಬಳಿಯೋರ ಹೆಸರೆಲ್ಲ ಹಾಕ್ತಾರೇನಮ್ಮ. ಆಯಿತು ಸಾರ್. ಆರು ತಾಸು ಅಂತ ಬರೆದರು, ಮೀರಿದರೆ ಏನಾಗುತ್ತದೆಂದು ಕೇಳಿದವರಲ್ಲ, ಎಂದೂ ಓವನ್ ಮುಟ್ಟದವರು ಈ ಕಂಪನಿಯವರಿಗೆ ತೋರಿಸಲು ನಿನ್ನೆ ಬೆಳಿಗ್ಗೆ ತಾವೇ ಇಟ್ಟರು, ಸಂಜೆ ಆರು ತಾಸು ತುಂಬಿತೆಂದು ನಾನು ತೆಗೆಯಲು ಹೋದರೆ, ಇರಲಿ ಬಿಡಮ್ಮ, ಬೆಂದಷ್ಟೂ ಒಳ್ಳೇದು, ನಾಳೆ ತೆಗೆಯೋಣ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಸರಿ ಸಾರ್, ಅಂದೆ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಏನ್ ಸಾರ್ ಇದು, ಬಣ್ಣ ಹಾಗೇ ಇದೆಯಲ್ಲ, ಅನ್ನುತ್ತಿದ್ದಾನೆ ಕಂಪನಿಯ ಕನ್ನಡಕದವನು, ಮಾಡಿದ್ದು ಯಾರು, ಅಂತ ಕೇಳುತ್ತಿದ್ದಾನೆ, ಹೇಳಿ ಸಾರ್, ಈಗ ಹೇಳಿ, ನಿಮ್ಮ ಮಾನ ಮೂರು ಕಾಸಿಗೆ ಹೋಗುವುದನ್ನು ಕಣ್ತುಂಬ ನೋಡುತ್ತೇನೆ — ಪ್ರೊಫೆಸರ್ ತಿರುಗಿದರು, ನಗುತ್ತಿದ್ದಾರೆ, ಯಾಕೆ ನಗುತ್ತಿದ್ದಾರೆ, ಕೈ ಎತ್ತಿದರು, ಎಲ್ಲಾ ಇವರದೇ, ನಾಲ್ಕು ವರ್ಷದಿಂದ ಪೂರ್ತಿ ಇವರದೇ ಕೆಲಸ, ನಾನು ಬರೆದಿದ್ದಷ್ಟೇ, ಆ ಬೆರಳು, ಮೂವರೂ ಆ ಬೆರಳ ಜಾಡಿನಲ್ಲಿ ನನ್ನತ್ತ, ಅಲ್ಲ, ನಿನ್ನೆ ಇಟ್ಟದ್ದು ಅವರು, ಅನ್ನಬೇಕು, ಅಂದರೆ, ಗೊತ್ತಿದ್ದೂ ಸುಮ್ಮನಿದ್ಯಾ ಅನ್ನುತ್ತಾರೆ, ಬೆರಳು, ಒಂದು ದಿನವೂ ಬೂದಿ ಸೋಕದ ಬೆರಳು, ನೀಟಾಗಿ ಕತ್ತರಿಸಿದ ಉಗುರು, ನನ್ನ ಕಡೆಗೇ, ಆ ಬೆರಳು